ಸ್ಮಾರ್ಟ್ ಬೋರ್ಡಿಗೆ ಹೂಮಾಲೆ

ತಪ್ಪೆಲ್ಲ ಸಂಗವ್ವನ ಚೆಂಡುಹೂವಿನ ಮಾಲೆಯದು. ಆದರೆ ಅದು ತಿಳಿಯುವ ಹೊತ್ತಿಗೆ ಬಸವಪ್ರಸಾದ ಮಾಸ್ತರರ ಮಾನ ಅರ್ಧ ಹೋಗಿತ್ತು.

ನಂದಗಡದ ಅನುದಾನಿತ ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಇವರ ಮನೆ ಇದ್ದದ್ದು ಬೆಳಗಾವಿಯ ಮಹಾಂತೇಶ ನಗರದಲ್ಲಿ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಮೂರು ಬಸ್ಸು ಹತ್ತಿಳಿದು ಶಾಲೆ ಮುಟ್ಟುವಷ್ಟರಲ್ಲಿ ಇಸ್ತ್ರಿಯ ಅಂಗಿ ಸಂತೆಯಲ್ಲಿ ಮಾರದೆ ಉಳಿದ ಸೊಪ್ಪಿನಂತಾಗಿರುತ್ತಿತ್ತು. ದಾರಿಯಲ್ಲಿ ಪೀರನವಾಡಿ. ಅಲ್ಲಿಯೂ ಇದೇ ಸಂಸ್ಥೆಯ ಶಾಲೆ. ಬಸ್ಸಿನ ಕಿಟಕಿಯಿಂದ ಅದನ್ನು ದಿನಕ್ಕೆರಡು ಸಲ ನೋಡಿ ನಿಟ್ಟುಸಿರು ಬಿಡುವುದು ಅವರ ರೂಢಿ. ಹೆಂಡತಿ ಪೂರ್ಣಿಮಾ ಅಂತೂ, “ಈ ವರ್ಷ ಅಲ್ಲಿಗೆ ವರ್ಗಾ ಆಗಲಿಲ್ಲಂದ್ರ ನಂದಗಡದಾಗೇ ಖೋಲಿ ಹಿಡೀರಿ. ಐತವಾರಕ್ಕೊಮ್ಮೆ ಬರ್ರಿ, ಸಾಕು” ಎಂದುಬಿಟ್ಟಿದ್ದಳು.

ಅಷ್ಟರಲ್ಲಿ ದೇವರು ಕಣ್ಣುಬಿಟ್ಟ. ಸಂಸ್ಥೆಯವರು ಒಂದು ಸ್ಮಾರ್ಟ್ ಬೋರ್ಡು ತಂದು, ನೋಡೋಣವೆಂದು ನಂದಗಡದ ಶಾಲೆಯಲ್ಲಿ ಹಾಕಿದರು. ಬೆರಳಿಟ್ಟರೆ ಬರೆಯುತ್ತದೆ, ಚಿತ್ರ ಓಡಾಡಿಸುತ್ತದೆ. ಅದನ್ನು ನಡೆಸುವ ತರಬೇತಿ ಪಡೆದವರು ಬಸವಪ್ರಸಾದರೊಬ್ಬರೇ. ಇದರಿಂದ ಮಕ್ಕಳಿಗೆ ನಿಜಕ್ಕೂ ಉಪಯೋಗವುಂಟೋ ಇಲ್ಲವೋ ನೋಡಲು ಅಂದು ಸಂಸ್ಥೆಯ ಕಾರ್ಯದರ್ಶಿ ಭೂಪಾಲ ಸಾಹುಕಾರರು ಬರುವವರಿದ್ದರು. ಬೋರ್ಡು ಪಾಸಾದರೆ ಪೀರನವಾಡಿಗೂ ಬೋರ್ಡು ಬೇಕು. ಬೋರ್ಡಿದ್ದಲ್ಲಿ ಬಸವಪ್ರಸಾದರೂ ಬೇಕು. ಮಾಸ್ತರರ ಲೆಕ್ಕ ಇಷ್ಟು ಸರಳ.

ಆದರೆ ಪೂಜೆಯಿಲ್ಲದೆ ಪರೀಕ್ಷೆಯೇ? ಬಿಸಿಯೂಟದ ಸಂಗವ್ವ ಬೆಳಿಗ್ಗೆಯೇ ಬೋರ್ಡಿನ ನೆತ್ತಿಗೆ ವಿಭೂತಿ ಬಳಿದು, ದಪ್ಪನೆಯ ಮಾಲೆ ಇಳಿಬಿಟ್ಟಿದ್ದಳು.

ಸಾಹುಕಾರರು ಹಿಂದಿನ ಬೆಂಚಿನಲ್ಲಿ ಕುಳಿತರು. ಸೆಕೆಗೆ ಫ್ಯಾನು ಹಾಕಿದರು. ಗ್ರಹಣದ ಪಾಠ. ಮಾಸ್ತರರು ಬೋರ್ಡಿನಲ್ಲಿದ್ದ ಭೂಮಿಯ ಮೇಲೆ ಬೆರಳಿಟ್ಟರೆ ಸೂರ್ಯನೇ ಎದ್ದು ಮೂಲೆಗೆ ಓಡಿದ. ಅವನ ಹಿಂದೆ ಹಸಿರು ಗೀಟೊಂದು ತಾನಾಗಿ ಹೊರಟಿತು.

“ಸರ್, ಸೂರ್ಯಾ ಎಲ್ಲಿ ಹೊಂಟಾನ್ರಿ?” ಸಾಹುಕಾರರು ಕೇಳಿದರು.

“ಅದು... ತಿರಗಾಕತ್ತೇತ್ರಿ.”

“ಭೂಮಿ ತಿರಗತೈತಿ ಅಂತ ನಾವು ಕಲತಿದ್ದಿವಲ್ರಿ!”

ಹೆಡ್‌ಮಾಸ್ತರ ಗಜಾನನರು ಸಾಹುಕಾರರ ಪಕ್ಕದಿಂದ ಎದ್ದರು. “ಬಂದ್ ಮಾಡಿ ಚಾಲೂ ಮಾಡ್ರಿ.” ಹಾಗೆ ಮಾಡಿದರೆ ಚಂದ್ರ ಮಾಯವಾದ. ಜವಾನ ಭರಮಣ್ಣ, “ಧೂಳ ಕುಂತಿರಬೇಕ್ರಿ” ಎಂದು ಒದ್ದೆ ಬಟ್ಟೆಯಿಂದ ಒರೆಸಿದ. ಒರೆಸಿದಲ್ಲೆಲ್ಲ ಗೀಟು ಮೂಡಿ ಆಕಾಶ ಬಲೆಯಂತಾಯಿತು.

“ಅಯ್ಯ ಶಿವನ, ಬೋರ್ಡಿಗೆ ದೃಷ್ಟಿ ಆಗೇತ್ರಿ!” ಬಾಗಿಲಲ್ಲಿ ನಿಂತ ಸಂಗವ್ವ ಲಟಿಕೆ ಮುರಿದಳು.

ಪೀರನವಾಡಿ ಕಣ್ಣೆದುರೇ ಕರಗುತ್ತಿತ್ತು. ಆಗ ಮುಂದಿನ ಸಾಲಿನ ಸಮೃದ್ಧಿ ಕೈಯೆತ್ತಿದಳು. “ಸರ್, ಪ್ರತಿ ಅಮಾಸಿಗೂ ಸೂರ್ಯಗ್ರಹಣ ಯಾಕ ಆಗೂದಿಲ್ರಿ?”

ಒಳ್ಳೆಯ ಪ್ರಶ್ನೆ ಕಿವಿಗೆ ಬಿದ್ದರೆ ಬಸವಪ್ರಸಾದರಿಗೆ ಲೋಕದ ಪರಿವೆಯಿಲ್ಲ. ಬೋರ್ಡನ್ನೂ ವರ್ಗಾವಣೆಯನ್ನೂ ಮರೆತರು.

“ಸಂಗವ್ವಾ, ಇಲ್ಲೆ ಬಂದು ನಿಂದ್ರು, ನೀ ಸೂರ್ಯಾ. ಹೆಡ್‌ಮಾಸ್ತರ್ರ, ನೀವು ಭೂಮಿ. ಭರಮಣ್ಣಾ, ನೀ ಚಂದ್ರಾ. ಹೆಡ್‌ಮಾಸ್ತರ್ರ ಸುತ್ತ ತಿರಗು. ನಿನ್ನ ಹಾದಿ ವಾರಿ, ಸೊಟ್ಟ ಐತಿ, ಅದಕ್ಕ ಒಮ್ಮೆ ಬಗ್ಗು, ಒಮ್ಮೆ ತುದಿಗಾಲ ಮ್ಯಾಲ ನಿಂದ್ರು!”

ಭರಮಣ್ಣ ಬಗ್ಗಿಕೊಂಡು ಇಬ್ಬರ ನಡುವೆ ಬಂದ.

“ಹೆಡ್‌ಮಾಸ್ತರ್ರ, ಸಂಗವ್ವನ ಮಾರಿ ಕಾಣತೈತೇನ್ರಿ?”

“ಕಾಣತೈತಿ.”

“ಹಂಗಾರ ಅಮಾಸಿ ಐತಿ, ಗ್ರಹಣ ಇಲ್ಲ!” ಮಕ್ಕಳು ಕೂಗಿದರು.

ಇನ್ನೊಂದು ಸುತ್ತಿಗೆ ಭರಮಣ್ಣನ ತಲೆ ಸಂಗವ್ವನ ಮುಖಕ್ಕೆ ಸರಿಯಾಗಿ ಅಡ್ಡ ಬಂತು. “ಗ್ರಹಣ! ಗ್ರಹಣ!” ಎಂದು ತರಗತಿ ಎದ್ದು ಕುಣಿಯಿತು. ಸಾಹುಕಾರರೂ ಎದ್ದು ನಿಂತಿದ್ದರು. “ಇಷ್ಟು ವರ್ಷ ಪಂಚಾಂಗ ನೋಡೇನ್ರಿ, ಇದು ತಿಳದದ್ದು ಇವತ್ತ!”

ಆಗಲೇ ಸಮೃದ್ಧಿ ಮತ್ತೆ ಕೈಯೆತ್ತಿದಳು. “ಸರ್, ಫ್ಯಾನಿನ ಗಾಳಿಗೆ ಮಾಲಿ ಅಲ್ಲಾಡಿದಾಗೊಮ್ಮೆ ಬೋರ್ಡಿನ್ಯಾಗ ಗೀಟು ಬರತಾವ್ರಿ.”

ಮಾಸ್ತರರು ಹಣೆ ಚಚ್ಚಿಕೊಂಡರು. ಬೋರ್ಡಿನ ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕು ಹಾಯುತ್ತದೆ. ಬೆರಳು ಅಡ್ಡ ಬಂದರೂ ಒಂದೇ, ಚೆಂಡುಹೂವು ಅಡ್ಡ ಬಂದರೂ ಒಂದೇ. ತರಬೇತಿಯಲ್ಲಿ ಹೇಳಿದ್ದರು. ಮಾಲೆ ತೆಗೆದೊಡನೆ ಬೋರ್ಡು ಹೇಳಿದ ಮಾತು ಕೇಳತೊಡಗಿತು. ಸಾಹುಕಾರರು ತಾವೇ ಮುಂದೆ ಬಂದು ಹತ್ತು ನಿಮಿಷ ಚಂದ್ರನನ್ನು ತಿರುಗಿಸಿ ಖುಷಿಪಟ್ಟರು.

“ಬೋರ್ಡು ಭಾಳ ಚಲೋ ಐತ್ರಿ, ಪಾಸು. ಇದು ಪೀರನವಾಡಿಗೆ ಬೇಕ ಬೇಕು.”

ಬಸವಪ್ರಸಾದರು ಒಂದು ಹೆಜ್ಜೆ ಮುಂದೆ ಬಂದರು. “ಹಂಗಾರ ನಾ ಯಾವಾಗ ಹೋಗ್ಲಿ ಸಾಹುಕಾರ್ರ?”

“ನೀವು ಯಾಕ್ರಿ? ಅಲ್ಲಿ ಮಾಸ್ತರ ಬಾಯಿ ತೆಗದ್ರ ಹುಡುಗ್ರು ನಿದ್ದಿ ಹೊಡೀತಾವ, ಅವರಿಗೆ ಬೋರ್ಡ್ ಬೇಕು. ನಿಮಗ ಬೋರ್ಡ್ ಯಾತಕ್ಕ? ಸಂಗವ್ವ ಇದ್ದಾಳಲ್ಲ! ಇದನ್ನ ಬಿಚ್ಚಿ ಅಲ್ಲಿಗೆ ವರ್ಗಾ ಮಾಡ್ತೀನಿ. ನಿಮ್ಮನ್ನ ಮಾತ್ರ ರಿಟಾಯರ್ ಆಗೂತನಕ ಇಲ್ಲಿಂದ ಕದಲಸಾಂಗಿಲ್ಲ.”

ಮಕ್ಕಳು ಚಪ್ಪಾಳೆ ಹೊಡೆದರು. ಮಾಸ್ತರರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಸಂಜೆ ನಾಲ್ಕಕ್ಕೆ ಟೆಂಪೋ ಬಂತು, ಬೋರ್ಡು ಏರಿತು.

“ಸರ್, ಇನ್ನೊಂದು ಮಾತು,” ಕಾರು ಹತ್ತುತ್ತ ಸಾಹುಕಾರರು ಹೇಳಿದರು. “ಬೋರ್ಡು ನಡಸೂದು ಅಲ್ಲಿ ಯಾರಿಗೂ ಬರೂದಿಲ್ಲ. ಈ ವರ್ಷ ಪೂರ್ತಿ ದಿನಾ ಮುಂಜಾನೆ ಒಂದು ತಾಸು ಪೀರನವಾಡಿಯಾಗ ಇಳದು ಅವರಿಗೆ ಕಲಿಸಿ, ಆಮ್ಯಾಲ ಇಲ್ಲಿಗೆ ಬರ್ರಿ. ಹೆಂಗೂ ನಿಮ್ಮ ದಾರಿ ಮ್ಯಾಲೇ ಐತಿ.”

ಮರುದಿನದಿಂದ ಬಸವಪ್ರಸಾದರು ಆರರ ಬದಲು ಐದಕ್ಕೇ ಮನೆ ಬಿಡತೊಡಗಿದರು.