ಅರ್ಜಿ, ಬಾಗಿನ ಮತ್ತು ನಾನು ಕಾದ ಚಪ್ಪಲಿಗಳು

ಮೂವತ್ತು ವರ್ಷ ಸರಕಾರಿ ಕುರ್ಚಿಯಲ್ಲಿ ಕೂತವನಿಗೆ ಸೊಂಟನೋವು, ಸಕ್ಕರೆ ಕಾಯಿಲೆ ಬರುವುದು ಸಹಜ. ನನಗೆ ಅವೆರಡರ ಜೊತೆ ಇನ್ನೊಂದು ಅಂಟಿಕೊಂಡಿದೆ, ಅರ್ಜಿ ಬರೆಯುವ ಚಟ. ಸೊಳ್ಳೆ ಹೆಚ್ಚಾದರೆ ಬೇರೆಯವರು ಬತ್ತಿ ಹಚ್ಚುತ್ತಾರೆ, ನಾನು ಅರ್ಜಿ ಬರೆಯುತ್ತೇನೆ. ಇದು ನಮ್ಮ ಮನೆತನದ ಆಸ್ತಿ ಎನ್ನಬಹುದು. ಕಲಬುರಗಿ ಕಡೆಯಿಂದ ನೌಕರಿಗೆಂದು ಹೈದರಾಬಾದಿಗೆ ಬಂದ ನಮ್ಮಜ್ಜ ಉರ್ದುವಿನಲ್ಲಿ ಅರ್ಜಿ ಬರೆಯುತ್ತಿದ್ದ, ಅಪ್ಪ ಇಂಗ್ಲಿಷಿನಲ್ಲಿ ಬರೆದ, ನಾನು ತೆಲುಗಿನಲ್ಲಿ ಬರೆಯುತ್ತೇನೆ. ಕನ್ನಡದಲ್ಲಿ ಮಾತ್ರ ನಮ್ಮಲ್ಲಿ ಯಾರೂ ಅರ್ಜಿ ಬರೆದಿಲ್ಲ. ಅದನ್ನು ಮನೆಯೊಳಗಿನ ಜಗಳಕ್ಕೆಂದು ಇಟ್ಟುಕೊಂಡಿದ್ದೇವೆ.

ಹೋದ ವರ್ಷ ದಿಲ್‌ಸುಖ್‌ನಗರದ ನಮ್ಮ ಗಲ್ಲಿಯ ನಳಗಳಲ್ಲಿ ಗಟಾರದ ವಾಸನೆಯ ನೀರು ಬರತೊಡಗಿದಾಗ ನನಗೆ ಒಳಗೊಳಗೇ ಒಂದು ಹುರುಪು ಬಂತು. ಐದು ತಿಂಗಳಲ್ಲಿ ಒಂಬತ್ತು ಅರ್ಜಿ ಕೊಟ್ಟೆ. ಉಲ್ಲೇಖ, ಅಡಕ, ಪ್ರತಿ ಎಲ್ಲ ಸೇರಿಸಿ ಒಂದಕ್ಕಿಂತ ಒಂದು ಚೆಂದ. ಒಂಬತ್ತಕ್ಕೂ ಸ್ವೀಕೃತಿಯ ಮೊಹರು ಬಿತ್ತು, ನೀರು ಮಾತ್ರ ಹಾಗೇ ಇತ್ತು. ಮಣಿಕೊಂಡದಲ್ಲಿರುವ ಮಗಳು, ಕ್ಯಾನ್ ನೀರು ತರಿಸಿಕೊಳ್ಳಿ ಅಪ್ಪ, ಯಾಕೆ ಒದ್ದಾಡುತ್ತೀರಿ ಎಂದಳು. ತರಿಸಿಕೊಂಡೆವು. ನಮ್ಮ ಮನೆಗೆಲಸದ ಯಾದಮ್ಮ ಅದೇ ಗಲ್ಲಿಯ ಕೊನೆಯಲ್ಲಿರುತ್ತಾಳೆ. ಅವಳಿಗೆ ಕ್ಯಾನ್ ತರಿಸುವ ಅನುಕೂಲ ಇರಲಿಲ್ಲ. ಆಷಾಢದಲ್ಲಿ ಅವಳ ಮಗಳಿಗೆ ಕಾಮಾಲೆಯಾಯಿತು. ಡಿಗ್ರಿ ಕೊನೆಯ ಪರೀಕ್ಷೆಗೆ ಒಂದೂವರೆ ತಿಂಗಳು ಇರುವಾಗ ಹುಡುಗಿ ಹಳದಿ ಕಣ್ಣು ಬಿಟ್ಟುಕೊಂಡು ಮಲಗಿತ್ತು. ನಾನು ಕೂಡಲೇ ಹತ್ತನೆಯ ಅರ್ಜಿಗೆ ಕೂತೆ. ನನ್ನ ಹೆಂಡತಿ ಸುಮಿತ್ರಾ ಬಂದು ಪೆನ್ನಿನ ಟೊಪ್ಪಿಗೆ ಹಾಕಿದಳು.

"ನಿಮ್ಮ ಅರ್ಜಿ ತೇದು ಕುಡಿಸಿದರ ಆ ಹುಡುಗಿ ಕಾಮಣಿ ಇಳೀತೈತೇನ್ರಿ?"

ಉತ್ತರ ನನಗೆ ಗೊತ್ತಿತ್ತು. ಅರ್ಜಿ ಹೇಗೆ ಸಾಯುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಒಬ್ಬನೇ ತಂದ ಅರ್ಜಿಗೆ 'ಕಡತಕ್ಕೆ ಸೇರಿಸಿ' ಎಂದು ಬರೆದರೆ ಮುಗಿಯಿತು. ಗುಂಪಾಗಿ ಬಂದರೆ ಮಾತ್ರ ಕಷ್ಟ, ಕುರ್ಚಿ ಹಾಕಬೇಕು, ಸಾಹೇಬರು ಹೊರಗೆ ಬರಬೇಕು. ಅದಕ್ಕೂ ನನ್ನ ಹತ್ತಿರ ಮದ್ದಿತ್ತು. ಒಮ್ಮೆ ಪಿಂಚಣಿ ನಿಂತುಹೋದ ಒಂದಿಪ್ಪತ್ತು ವಿಧವೆಯರು ಒಟ್ಟಿಗೆ ಬಂದಿದ್ದರು. ಹೀಗೆ ಗುಂಪಾಗಿ ಅಲ್ಲಮ್ಮ, ಒಬ್ಬೊಬ್ಬರೂ ಬೇರೆ ಬೇರೆ ಅರ್ಜಿ ಕೊಡಿ ಎಂದೆ, ಅತ್ಯಂತ ವಿನಯದಿಂದ. ಮರುದಿನ ಆರು ಜನ ಬಂದರು, ಅದರ ಮರುವಾರ ಇಬ್ಬರು. ಆ ಸಂಜೆ ಸಾಹೇಬರು ನನ್ನ ಬೆನ್ನು ತಟ್ಟಿದ್ದರು.

ಸುಮಿತ್ರಾಗೆ ಕಚೇರಿ ಗೊತ್ತಿಲ್ಲ, ಅರಿಷಿಣ ಕುಂಕುಮ ಗೊತ್ತು. ಶ್ರಾವಣ ಬಂದಿತ್ತು. ಸುಲ್ತಾನ್ ಬಜಾರಿನಿಂದ ರವಿಕೆ ಕಣ ತಂದು ಗಲ್ಲಿಯ ಮನೆಮನೆಗೂ ಹೋದಳು. ಬ್ಲೌಸ್ ಹೊಲಿಯುವ ಶಾಹೀನ್ ಆಪಾ ಜೊತೆಗೂಡಿದರು. ಯಾವ ಮನೆಯಲ್ಲಿ ಎಷ್ಟು ಹೆಂಗಸರಿದ್ದಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬುದೆಲ್ಲ ಅವರ ಅಳತೆ ಪುಸ್ತಕದಲ್ಲೇ ಇದ್ದಂತಿತ್ತು. ಗಂಡನಿಲ್ಲದವರ ಮನೆಗೂ ಹೋಗುತ್ತೀಯಾ ಎಂದು ನಾನು ಶಾಸ್ತ್ರ ತೆಗೆದೆ. "ಹೊಲಸು ನೀರು ಮುತ್ತೈದಿ ಮನಿ ಯಾವುದು ಅಂತ ಕೇಳಿ ಬರ್ತದೇನ್ರಿ?" ಎಂದಳು. ನಾನು ಶಾಸ್ತ್ರ ಒಳಗಿಟ್ಟೆ.

ನಮ್ಮ ವಾರ್ಡಿನ ಕಾರ್ಪೊರೇಟರ್ ಸಾಹೇಬರ ಹೆಂಡತಿ ಪ್ರತಿವರ್ಷ ವರಲಕ್ಷ್ಮಿ ವ್ರತ ಮಾಡುತ್ತಾರೆ. ವಾರ್ಡಿನ ಸಮಸ್ತ ಅಕ್ಕತಂಗಿಯರೂ ಬರಬೇಕೆಂದು ದೊಡ್ಡ ಫ್ಲೆಕ್ಸ್ ಕಟ್ಟಿಸಿರುತ್ತಾರೆ. ಫ್ಲೆಕ್ಸನ್ನು ನಂಬಿ ಸಮಸ್ತರೂ ಹೋದದ್ದು ಆ ವರ್ಷವೇ ಮೊದಲಿರಬೇಕು. ನಲವತ್ತಕ್ಕೂ ಹೆಚ್ಚು ಹೆಂಗಸರು, ಎಲ್ಲರ ಚೀಲದಲ್ಲೂ ಅವರವರ ಮನೆಯ ನಳದ ನೀರಿನ ಒಂದೊಂದು ಬಾಟಲಿ. ಗಂಡಸು ನಾನೊಬ್ಬನೇ. ಹೊರಗೆ ಕೂತು ಚಪ್ಪಲಿ ಕಾಯುವುದು ನನ್ನ ಪಾಲಿಗೆ ಬಂದಿತ್ತು. ಬಾಗಿಲು ತೆರೆದೇ ಇದ್ದುದರಿಂದ ಎಲ್ಲ ಕಾಣುತ್ತಿತ್ತು.

ತೆಲುಗರಲ್ಲಿ ಬಾಗಿನಕ್ಕೆ ವಾಯನ ಎನ್ನುತ್ತಾರೆ. ಕೊಡುವವಳು "ಇಸ್ತಿನಮ್ಮ ವಾಯನಂ", ಕೊಟ್ಟೆನಮ್ಮ ಎನ್ನಬೇಕು. ತೆಗೆದುಕೊಳ್ಳುವವಳು "ಪುಚ್ಚುಕುಂಟಿನಮ್ಮ ವಾಯನಂ", ತಗೊಂಡೆನಮ್ಮ ಎನ್ನಬೇಕು. ಆ ಮಾತು ಬಾರದೆ ವ್ರತ ಪೂರ್ತಿಯಾಗುವುದಿಲ್ಲ. ಕಾರ್ಪೊರೇಟರ್ ಹೆಂಡತಿ ಮೊದಲು ಸುಮಿತ್ರಾಳ ಮುಂದೆ ತಟ್ಟೆ ಹಿಡಿದು ತಮ್ಮ ಮಾತು ಹೇಳಿದರು. ಇವಳು ಕೈ ಚಾಚಲಿಲ್ಲ. ಅಕ್ಕಾ, ನಿಮ್ಮ ವ್ರತ ಫಲಿಸಲಿ, ಆದರೆ ಈ ಕೈ ಈ ನೀರಿನಲ್ಲಿ ತೊಳೆದದ್ದು, ಇದರಲ್ಲಿ ಲಕ್ಷ್ಮಿಯ ಬಾಗಿನ ಹೇಗೆ ತಗೊಳ್ಳಲಿ ಎಂದು ತೆಲುಗಿನಲ್ಲಿ ಹೇಳಿ ಬಾಟಲಿಯ ಮುಚ್ಚಳ ತೆಗೆದಳು. ಹಿಂದಿದ್ದವರೂ ತೆಗೆದರು. ಧೂಪದ ವಾಸನೆ ಸೋತಿತು. ಆ ತಾಯಿ ತಟ್ಟೆ ಹಿಡಿದಂತೆಯೇ ಒಳಗಿದ್ದ ಗಂಡನನ್ನು ಕೂಗಿದರು. ಆ ದನಿ ಯಾವ ಗಂಡನಿಗಾದರೂ ಅರ್ಥವಾಗುವಂಥದ್ದು.

ಸಾಹೇಬರು ಬಂದು ಕೈ ಮುಗಿದರು, ಚಹಾಕ್ಕೆ ಹೇಳಿದರು. ಖಂಡಿತ ಮಾಡಿಸೋಣ, ಆದರೆ ಹೀಗೆ ಗುಂಪಾಗಿ ಅಲ್ಲಮ್ಮ, ಒಬ್ಬೊಬ್ಬರೂ ಮನೆ ನಂಬರ್ ಹಾಕಿ ಬೇರೆ ಬೇರೆ ಅರ್ಜಿ ಕೊಡಿ ಎಂದರು. ಅತ್ಯಂತ ವಿನಯದಿಂದ. ನನ್ನ ಕಿವಿ ನೆಟ್ಟಗಾಯಿತು. ಅದು ನನ್ನದೇ ಮಾತು. ಇಬ್ಬರು ಹೆಂಗಸರು ಆಗಲೇ ಕಾಗದ ಕೇಳುತ್ತಿದ್ದರು. ಯಾದಮ್ಮ, ನನಗೆ ಬರೆಯಲು ಬರುವುದಿಲ್ಲವಲ್ಲ ಎಂದು ಮೆಲ್ಲಗೆ ಹಿಂದೆ ಸರಿದಳು. ಇನ್ನೆರಡು ನಿಮಿಷ ಬಿಟ್ಟಿದ್ದರೆ ಗುಂಪು ಒಂದೊಂದೇ ಮನೆಯಾಗಿ ಚದುರುತ್ತಿತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ನುಗ್ಗಿದೆ. ಗಾಬರಿಯಲ್ಲಿ ಬಾಯಿಗೆ ತೆಲುಗು ಬರಲಿಲ್ಲ.

"ಬ್ಯಾಡ್ರಿ, ಯಾರೂ ಬ್ಯಾರೆ ಬ್ಯಾರೆ ಬರೀಬ್ಯಾಡ್ರಿ. ಹಂಗ ಯಾಕ ಬರಸ್ತಾರ ನನಗ ಗೊತ್ತೈತಿ. ನಾನೂ ಬರಸೀನಿ."

ಸುಮಿತ್ರಾ ಅದನ್ನು ತೆಲುಗಿಗೆ ತಿರುಗಿಸಿದಳು, ಕೊನೆಯ ಎರಡು ಶಬ್ದವನ್ನೂ ಬಿಡದೆ. ಶಾಹೀನ್ ಆಪಾ ಮೊದಲು ನೆಲದ ಮೇಲೆ ಕೂತರು, ಆಮೇಲೆ ಎಲ್ಲರೂ ಕೂತರು. ಸಾಹೇಬರು ಹೆಂಡತಿಯ ಮುಖ ನೋಡಿದರು, ಇಂಜಿನಿಯರಿಗೆ ಫೋನ್ ಹಚ್ಚಿದರು. ನಾಲ್ಕನೆಯ ದಿನ ಗಲ್ಲಿ ಅಗೆದರು, ಹದಿನೈದು ದಿನಕ್ಕೆ ಹೊಸ ಪೈಪು ಬಿತ್ತು. ಉಳಿದಿದ್ದ ವಾಯನವನ್ನು ಕಾರ್ಪೊರೇಟರ್ ಹೆಂಡತಿಯೇ ನಮ್ಮ ಗಲ್ಲಿಗೆ ತಂದರು. ಮೊದಲು ಕೈ ತೊಳೆದು "ಪುಚ್ಚುಕುಂಟಿನಮ್ಮ" ಎಂದವಳು ಯಾದಮ್ಮ. ಅವಳ ಮಗಳು ಕಣ್ಣಿನ ಹಳದಿ ಪೂರ್ತಿ ಹೋಗದಿದ್ದರೂ ಪರೀಕ್ಷೆಗೆ ಹೋಗಿ ಬಂದಳು.

ಈಗ ಪ್ರತಿ ಶುಕ್ರವಾರ ಶಾಹೀನ್ ಆಪಾರ ಅಂಗಡಿಯಲ್ಲಿ ಹೆಂಗಸರು ಸೇರುತ್ತಾರೆ. ಮುಂದಿನ ಸರದಿ ಬೀದಿದೀಪದ್ದು, ಚುನಾವಣೆಗೆ ಮತ ಕೇಳಲು ಬಂದವರನ್ನು ಏನು ಕೇಳಬೇಕೆಂಬುದೂ ತೀರ್ಮಾನವಾಗಿದೆ. ಕರಡು ನಾನು ಬರೆಯಲೇ ಎಂದೆ. "ನೀವು ಚಪ್ಪಲಿ ನೋಡ್ಕೊಳ್ರಿ, ಅದು ನಿಮಗ ಚೊಲೋ ಬರ್ತದ" ಎಂದಳು ಸುಮಿತ್ರಾ. ಹೋಗುತ್ತೇನೆ, ಒಂದು ವಾರವೂ ತಪ್ಪಿಸಿಲ್ಲ. ಅಲ್ಲಿ ಕೂತಾಗ ಆ ವಿಧವೆಯರು ನನ್ನ ಕಚೇರಿಯ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಗಳು ನೆನಪಾಗಿ ನಾಚಿಕೆಯಾಗುತ್ತದೆ. ದಾರಿಗೆ ಅಡ್ಡ ಎಂದು ಪ್ಯೂನನಿಗೆ ಹೇಳಿ ಅವನ್ನು ಮೆಟ್ಟಿಲ ಕೆಳಗೆ ಸರಿಸಿದ್ದವನು ನಾನೇ. ಈಗ ಪ್ರತಿ ಜೊತೆಯನ್ನೂ ಮೂತಿ ಹೊರಗೆ ಮಾಡಿ ಜೋಡಿಸಿಡುತ್ತೇನೆ, ಅವರು ಹೊರಟ ಕೂಡಲೇ ಒಟ್ಟಿಗೆ ಹೆಜ್ಜೆ ಹಾಕಲು ಅನುಕೂಲವಾಗಲಿ ಎಂದು.