ನನ್ನ ಸ್ಕೂಟರ್ ಸುರಪುರಕ್ಕೆ ಸಾಬೂತ ಮುಟ್ಟಿದ ಬಗೆ

ಒಂದು ಸ್ಕೂಟರನ್ನು ಟ್ರ್ಯಾಕ್ಟರ್ ಟ್ರಾಲಿಗೆ ಕಟ್ಟಿ ಸಾಗಿಸುವುದು ದೊಡ್ಡ ವಿಷಯವಲ್ಲ ಎಂದು ನಾನು ನಂಬಿದ್ದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಂಬದೆ ಇನ್ಯಾರು ನಂಬಬೇಕು? ನನ್ನ ಬಳಿ ಲಾರಿಯವರು ಬಳಸುವ ನಾಲ್ಕು ಬೆಲ್ಟುಗಳಿದ್ದವು. ಅಳತೆಪಟ್ಟಿ ಇತ್ತು. ಯಾವ ಬಲ ಯಾವ ದಿಕ್ಕಿಗೆ ಎಂದು ಬಾಣ ಹಾಕಿ ಬರೆದ ನಕ್ಷೆ ಇತ್ತು. ಇಲ್ಲದ್ದು ಬುದ್ಧಿ ಒಂದೇ. ಅದು ಆಮೇಲೆ ತಿಳಿಯಿತು.

ಮೊದಲು ಗಾಡಿಯ ವಿಷಯ. ಅದು ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಚಿಕ್ಕ ಚಕ್ರ ಕೂಡಿಸಿದ ಸ್ಕೂಟರ್. ಎಣಿಸಿದರೆ ನಾಲ್ಕು ಚಕ್ರ. ಆದರೂ ಎಲ್ಲರ ಬಾಯಲ್ಲಿ, ಎಲ್ಲ ಕಾಗದಗಳಲ್ಲಿ ಅದು ಮೂರು ಗಾಲಿಯ ಗಾಡಿ. ಈ ತಪ್ಪನ್ನು ಒಬ್ಬ ಗುಮಾಸ್ತರಿಗೆ ತೋರಿಸಿಕೊಟ್ಟೆ. ಅವರು ಚಕ್ರ ಎಣಿಸಲಿಲ್ಲ, ನನ್ನ ಕಾಲು ನೋಡಿ ಪಾಪ ಎಂದರು. ನನ್ನ ಎಡಗಾಲು ಹುಟ್ಟಿನಿಂದಲೇ ಸಣ್ಣದು, ನಡೆಯಲು ಕೋಲು ಬೇಕು. ಈ ವಿಷಯದಲ್ಲಿ ಓದುಗರಿಗೆ ಇಷ್ಟು ತಿಳಿದರೆ ಸಾಕು.

ಸುರಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ನಮ್ಮ ಮನೆ ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನ ಕ್ವಾರ್ಟರ್ಸು. ಕಾಲೇಜಿನ ಹತ್ತಿರ ಮೆಟ್ಟಿಲಿಲ್ಲದ ಒಂದು ರೂಮು ಹುಡುಕಿ, ಒಬ್ಬಳೇ ಇರುತ್ತೇನೆ, ಸ್ಕೂಟರಿನಲ್ಲಿ ಹೋಗಿ ಬರುತ್ತೇನೆ ಎಂದೆ. ಅಪ್ಪ ಒಪ್ಪಲಿಲ್ಲ. ಸುರಪುರದಲ್ಲಿ ನಮ್ಮ ಸೋದರತ್ತೆ ಇದ್ದಾರೆ. ಅವರ ಮಗ ದಿನಾ ನನ್ನನ್ನು ಎತ್ತಿ ಬೈಕಿನ ಮೇಲೆ ಕೂರಿಸುತ್ತಾನಂತೆ, ಕಾಲೇಜಿನಲ್ಲಿ ಎತ್ತಿ ಇಳಿಸುತ್ತಾನಂತೆ, ಸಂಜೆ ಮತ್ತೆ ಎತ್ತುತ್ತಾನಂತೆ. ಇಪ್ಪತ್ತಾರು ವರ್ಷಗಳಲ್ಲಿ ನನ್ನನ್ನು ಬಸ್ಸಿಗೆ, ಜೀಪಿಗೆ, ಆಟೋಗೆ ಎತ್ತಿ ಹಾಕಿದವರನ್ನೆಲ್ಲ ಒಂದೆಡೆ ಸೇರಿಸಿದರೆ ಒಂದು ಸಣ್ಣ ಹಳ್ಳಿಯಾಗುತ್ತದೆ. ಆ ಹಳ್ಳಿಗೆ ಹೊಸ ಮನೆ ಕಟ್ಟಿಕೊಡುವ ಇಚ್ಛೆ ನನಗಿರಲಿಲ್ಲ.

ಎಂಟು ದಿನ ನಾವಿಬ್ಬರೂ ಮಾತು ಬಿಟ್ಟೆವು. ಒಂಬತ್ತನೆಯ ದಿನ ಅಪ್ಪ ಕರಾರು ಹೇಳಿದರು. ಹೈವೇಯಲ್ಲಿ ನಾನು ಗಾಡಿ ಓಡಿಸಕೂಡದು. ರಸ್ತೆಯ ಅಂಚು ಒಡೆದಿದೆ, ಪಕ್ಕದ ಚಕ್ರ ಇಳಿದರೆ ಮುಗಿಯಿತು. ಟ್ರಾಲಿಯಲ್ಲಿ ಸಾಗಿಸಬೇಕು, ಅದೂ ಎಲ್ಲೂ ಮುಕ್ಕಾಗದಂತೆ.

"ಗಾಡಿ ಸಾಬೂತ ಮುಟ್ಟಿದ್ರ ನೀ ರೂಮ್‌ನಾಗ ಇರು. ಒಂದು ಗೀರು ಬಿದ್ರೂ ಅತ್ತಿ ಮನಿ."

ನಮ್ಮ ಪಕ್ಕದ ನಿಂಗಣ್ಣ ಸುರಪುರದಿಂದ ಹಳೆಯ ತಗಡು ತರಲು ಭಾನುವಾರ ಖಾಲಿ ಟ್ರಾಲಿ ಒಯ್ಯುವವನಿದ್ದ. ವರ್ಷವಿಡೀ ಹತ್ತಿ ಸಾಗಿಸುವ ಮನುಷ್ಯ, ಮಾತು ಕಡಿಮೆ. ಒಪ್ಪಿದ.

ಸ್ಕೂಟರ್ ಹತ್ತಿಸಲು ಎರಡು ಹಲಗೆ ತರಿಸಿದ್ದೆ. ಪಕ್ಕದ ಚಕ್ರಗಳ ನಡುವಿನ ಅಂತರವನ್ನು ಸೆಂಟಿಮೀಟರಿನ ಲೆಕ್ಕದಲ್ಲಿ ಅಳೆದು, ಅಷ್ಟೇ ಅಂತರಕ್ಕೆ ಹಲಗೆ ಇಡಿಸಿ, ತಳ್ಳಿ ಎಂದು ಅಪ್ಪಣೆ ಕೊಟ್ಟೆ. ನಾಲ್ಕು ಜನ ತಳ್ಳಿದರು. ಮುಂದಿನ ಚಕ್ರ ಎರಡು ಹಲಗೆಗಳ ನಡುವೆ ನೇರವಾಗಿ ಹೋಗಿ ಟ್ರಾಲಿಯ ಅಡಿಗೆ ನುಗ್ಗಿ ನಿಂತಿತು. ಪಕ್ಕದ ಚಕ್ರಗಳಿಗೆ ಹಲಗೆ ಇತ್ತು. ನಡುವಿನ ಚಕ್ರಕ್ಕೆ ಗಾಳಿ! ನಾಲ್ಕನ್ನು ಮೂರು ಎನ್ನುವವರನ್ನು ತಿದ್ದಲು ಹೋದವಳು ಎರಡಕ್ಕೆ ಮಾತ್ರ ದಾರಿ ಮಾಡಿದ್ದೆ.

ಅಪ್ಪ ಒಳಗೆ ಹೋಗಿ ಬಚ್ಚಲುಮನೆಯ ಬಾಗಿಲನ್ನೇ ಕಿತ್ತು ತಂದು ಟ್ರಾಲಿಗೆ ಒರಗಿಸಿದರು. ಅದರ ಮೇಲೆ ಸ್ಕೂಟರ್ ಹತ್ತಿತು. ಹಿಂದೆಯೇ ಕೋಲು ಊರಿಕೊಂಡು ನಾನೂ ಹತ್ತಿದೆ. ಯಾರೂ ಎತ್ತಲಿಲ್ಲ. ಇದು ದಾಖಲಾಗಲಿ.

ಇನ್ನು ಕಟ್ಟುವ ಕಾರ್ಯ. ನಾನು ನಕ್ಷೆ ಬಿಡಿಸುವಷ್ಟರಲ್ಲಿ ನಿಂಗಣ್ಣ ಹತ್ತಿ ಕಟ್ಟುವ ಹಗ್ಗವನ್ನು ಸ್ಕೂಟರಿನ ಮೇಲೆ ಎಸೆದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗತೊಡಗಿದ್ದ. ಸುತ್ತ ಸೇರಿದ ಕ್ಯಾಂಪಿನ ಜನರದ್ದೆಲ್ಲ ಒಂದೇ ಮಾತು: ಇನ್ನೂ ಬಿಗಿ, ಬೀಳ್ತದ, ಬೀಳ್ತದ. ನಾನು ಸಮಾಧಾನದಿಂದಲೇ ವಿವರಿಸಿದೆ. ಎರಡೂ ಬದಿಗೆ ಚಕ್ರ ಇರುವ ಗಾಡಿ ಪಕ್ಕಕ್ಕೆ ಬೀಳುವುದಿಲ್ಲ. ಅದು ಹಿಂದೆ ಮುಂದೆ ಓಡುತ್ತದೆ. ಆದ್ದರಿಂದ ಮುಂದಕ್ಕೆ ಎರಡು, ಹಿಂದಕ್ಕೆ ಎರಡು ಬೆಲ್ಟು ಹಾಕಬೇಕು. ಬೀಳುವ ಭಯ ಬೇಡ.

ಎದುರುಮನೆಯ ಶಾಂತಮ್ಮ ನನ್ನ ಭುಜ ಸವರಿದರು. "ಬೀಳೋದು ಯಾರಿಗಿ ತಪ್ಪೇದವ್ವ? ಅದನ್ನ ಮನಸಿಗಿ ಹಚ್ಕೋಬ್ಯಾಡ."

ನಾನು ಸ್ಕೂಟರಿನ ಬಗ್ಗೆ ಹೇಳುತ್ತಿದ್ದೆ. ಅವರು ನನ್ನ ಬಗ್ಗೆ ಹೇಳುತ್ತಿದ್ದರು. ಸಿಟ್ಟು ನೆತ್ತಿಗೇರಿತು. ಆ ಸಿಟ್ಟನ್ನೆಲ್ಲ ನಿಂಗಣ್ಣನ ಹಗ್ಗದ ಮೇಲೆ ತೀರಿಸಿಕೊಂಡೆ. ಬಿಚ್ಚು ಅದನ್ನ ಎಂದೆ. ಅವನು ಬಿಚ್ಚಿದ, ಸುತ್ತಿದ, ತನ್ನ ಸೀಟಿನ ಕೆಳಗೆ ಇಟ್ಟ. "ಆತ್ರಿ ಅಕ್ಕಾರ. ನಿಮ್ಮ ಪುಸ್ತಕದಾಗ ಹೆಂಗ ಅದನೋ ಹಂಗ ಮಾಡ್ರಿ."

ಪುಸ್ತಕದಲ್ಲಿ ಇದ್ದಂತೆಯೇ ಮಾಡಿದೆ. ನಾಲ್ಕೂ ಬೆಲ್ಟಿನ ಕೊಕ್ಕೆಗಳನ್ನು ಟ್ರಾಲಿಯ ಬಳೆಗಳಿಗೆ ಸಿಕ್ಕಿಸಿ, ಹಿಡಿಕೆಯನ್ನು ಟಕ್ ಟಕ್ ಎಂದು ಎಳೆದು, ಬೆರಳಿನಿಂದ ಮೀಟಿ ನೋಡಿದೆ. ತಂತಿಯಂತೆ ನುಡಿದವು. ಸ್ಕೂಟರನ್ನು ಅಲುಗಿಸಿದರೆ ಟ್ರಾಲಿಯೇ ಅಲುಗಿತು.

ನಾನು ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿತ್ತು. ಆದರೆ ದಾರಿಯಲ್ಲಿ ಈ ನಿಂಗಣ್ಣ ನನ್ನ ಬೆಲ್ಟು ಬಿಚ್ಚಿ ತನ್ನ ಹಗ್ಗ ಕಟ್ಟಿಬಿಟ್ಟರೆ? ಟ್ರಾಲಿಯಲ್ಲೇ ಬರುತ್ತೇನೆ ಎಂದೆ. ಹಿಂಬದಿಯಲ್ಲಿ ಹತ್ತಿಯ ಖಾಲಿ ಚೀಲಗಳ ರಾಶಿ ಇತ್ತು, ನನಗೆ ಕುಳಿತುಕೊಳ್ಳಲು ಇದ್ದ ಜಾಗ ಒಂದೇ, ಸ್ಕೂಟರಿನ ಸೀಟು. ಕುಳಿತೆ. ಅಷ್ಟರಲ್ಲಿ ಅವ್ವ ಗಾಡಿಯ ದೀಪಕ್ಕೆ ಕುಂಕುಮ ಹಚ್ಚಿ, ಹ್ಯಾಂಡಲಿಗೆ ಮೊಳಕಾಲುದ್ದದ ಚೆಂಡುಹೂವಿನ ಹಾರ ಹಾಕಿಸಿಬಿಟ್ಟಿದ್ದಳು.

ಇದರ ಪರಿಣಾಮ ಶಹಾಪುರದಲ್ಲಿ ಗೊತ್ತಾಯಿತು. ಟ್ರಾಲಿಯ ಮೇಲೆ ಹಾರ ಹಾಕಿದ ವಾಹನ, ಅದರ ಮೇಲೆ ಒಬ್ಬ ಹೆಣ್ಣುಮಗಳು, ಮೆಲ್ಲಗೆ ಹೋಗುವ ಟ್ರ್ಯಾಕ್ಟರ್. ಒಬ್ಬ ಮುದುಕರು ಕೈ ಮುಗಿದರು. ಕಿರಾಣಿ ಅಂಗಡಿಯವನೊಬ್ಬ ಹೊರಗೆ ಬಂದು, ಯಾವ ವಾರ್ಡಿನಿಂದ ಗೆದ್ದಾರ ಎಂದು ನಿಂಗಣ್ಣನನ್ನು ಕೇಳಿದ. ಮಾತು ಕಡಿಮೆಯ ನಿಂಗಣ್ಣ ತಿರುಗಿಯೂ ನೋಡದೆ ಹೇಳಿದ, "ಇನ್ನಾ ಎಣಿಕಿ ನಡದದ."

ನೆರೆಯವರಿಗೂ ನನ್ನ ಹೆಸರು ಪೂರ್ತಿ ಹೇಳದ ಸ್ವಭಾವ ನನ್ನದು. ಮುಖ ಮುಚ್ಚಿಕೊಳ್ಳಲು ಹೆಲ್ಮೆಟ್ ಹಾಕಿಕೊಂಡೆ. ನಿಂತ ಸ್ಕೂಟರಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ಹ್ಯಾಂಡಲ್ ಹಿಡಿದು ಕುಳಿತವಳನ್ನು ನೋಡಲು ಆ ಮೊದಲು ನೋಡದಿದ್ದವರೂ ನಿಂತರು.

ಹತ್ತಿಗುಡೂರು ದಾಟಿದ ಮೇಲೆ ಒಂದು ಕಾಲುವೆಯ ಸೇತುವೆ ಬಂತು. ಮೊದಲ ಕುಲುಕಿಗೆ ನಾನು, ಸೀಟು, ಸ್ಪ್ರಿಂಗು ಎಲ್ಲ ಒಟ್ಟಿಗೆ ಕೆಳಗೆ ಹೋದೆವು. ಬೆಲ್ಟುಗಳು ಸಡಿಲಾಗಿ, ಕೊಕ್ಕೆಗಳು ಟಣ್ ಟಣ್ ಎಂದು ಒಂದರ ಹಿಂದೊಂದು ಕಳಚಿ ಬಿದ್ದವು. ಕಟ್ಟುವಾಗ ಸೀಟು ಖಾಲಿ ಇತ್ತು. ಆಮೇಲೆ ನಾನು ಕುಳಿತು, ಗಾಡಿ ತಗ್ಗಿ, ಬಿಗಿಯೆಲ್ಲ ಆಗಲೇ ಅರ್ಧ ಹೋಗಿತ್ತು. ನಕ್ಷೆಯಲ್ಲಿ ಎಲ್ಲದರ ತೂಕ ಬರೆದಿದ್ದೆ, ನನ್ನದನ್ನು ಬಿಟ್ಟು.

ಏರಿನಲ್ಲಿ ಸ್ಕೂಟರ್ ಹಿಂದಕ್ಕೆ ಓಡಿ ಖಾಲಿ ಚೀಲಗಳ ರಾಶಿಗೆ ಬಡಿಯಿತು. ಇಳಿಜಾರಿನಲ್ಲಿ ಮುಂದಕ್ಕೆ ಓಡಿ, ಟೈರು ಟ್ರಾಲಿಯ ಗೋಡೆಗೆ ಗುದ್ದಿತು. ನನ್ನ ಎರಡು ಕೈಯಲ್ಲೂ ಬ್ರೇಕ್ ಇದ್ದವು. ನಾನು ಒತ್ತಿದ್ದು ಹಾರ್ನ್! ಬಿಡದೆ ಒತ್ತಿದೆ. ನಿಂಗಣ್ಣ ಹಿಂದೆ ಯಾರೋ ಬರುತ್ತಿದ್ದಾರೆಂದು ತಿಳಿದು, ಸಭ್ಯತೆಯಿಂದ ಟ್ರ್ಯಾಕ್ಟರನ್ನು ಎಡಕ್ಕೆ ತೆಗೆದುಕೊಂಡು, ಹೋಗಿ ಎಂದು ಕೈ ಬೀಸಿ ಸೈಡು ಕೊಟ್ಟ.

ಎದುರಿನಿಂದ ಬಂದ ಬೈಕಿನವನು ಕೂಗಿದ ಮೇಲೆಯೇ ಅವನು ನಿಲ್ಲಿಸಿದ್ದು. ಇಳಿದು ಬಂದು ನೋಡಿದ.

"ಏನ್ರಿ ಅಕ್ಕಾರ, ನನ್ನ ಓವರ್‌ಟೇಕ್ ಮಾಡಾಕತ್ತಿದ್ರೇನು?"

ನಾನು ಇಳಿಯಲು ಹೊರಟೆ. ಬೇಡ, ಕುಂತೇ ಇರ್ರಿ ಎಂದ. ಟ್ರ್ಯಾಕ್ಟರಿನ ಸೀಟಿನ ಕೆಳಗಿನಿಂದ ಹಗ್ಗ ತಂದ. "ಹತ್ತಿ ಹೇರಿದ ಮ್ಯಾಲ ಹಗ್ಗ ಹಾಕ್ತೀವ್ರಿ. ಖಾಲಿ ಟ್ರಾಲಿಗಿ ಹಾಕಿ ಆಮ್ಯಾಲ ಹತ್ತಿ ಹೇರಂಗಿಲ್ಲ."

ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೊಳಕಾಲು ಊರಿ ಜಗ್ಗಿ ಕಟ್ಟಿದ. ಒಂದು ಸುತ್ತು ನನ್ನ ತೊಡೆಯ ಮೇಲಿಂದಲೂ ಹೋಯಿತು. ಅವನ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಅವನು ಹೇಳಿದ್ದು ಸರಿ ಇದ್ದುದೇ ಅದಕ್ಕೆ ಕಾರಣ.

ಬಿಸಿಲು ಇರುವಾಗಲೇ ಸುರಪುರ ಮುಟ್ಟಿದೆವು. ರೂಮಿನ ಮುಂದೆ ಅತ್ತೆ, ಅತ್ತೆಯ ಮಗ, ರೂಮಿನ ಮಾಲೀಕರು, ಅವರ ತಮ್ಮ ಕಾಯುತ್ತಿದ್ದರು. ಅಪ್ಪ ಫೋನ್ ಮಾಡಿದ್ದರಂತೆ. ನಿಂಗಣ್ಣ ಹಗ್ಗ ಬಿಚ್ಚಿದ. ನಾನು ಸೀಟಿನಿಂದ ಇಳಿದು ಬದಿಗೆ ನಿಂತು, ಸ್ಕೂಟರನ್ನು ಹೇಗೆ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂದು ಆಜ್ಞೆ ಮಾಡಿದೆ. ನಾಲ್ಕು ಗಂಡಸರು ಅದನ್ನು ಹೂವಿನಂತೆ ನೆಲಕ್ಕಿಳಿಸಿದರು. ಟ್ರಾಲಿಯ ಮೇಲಿನಿಂದಲೇ ಬಗ್ಗಿ ಸುತ್ತಲೂ ಪರೀಕ್ಷಿಸಿದೆ. ಒಂದು ಗೀರಿಲ್ಲ. ಗೆದ್ದೆ.

ಆಗ ಕೆಳಗಿದ್ದ ಐವರೂ ತಲೆಯೆತ್ತಿ ನನ್ನನ್ನು ನೋಡಿದರು. ನಾನು ನೆಲವನ್ನು ನೋಡಿದೆ. ಮೂರೂವರೆ ಅಡಿ. ಬಚ್ಚಲುಮನೆಯ ಬಾಗಿಲು ಭೀಮರಾಯನಗುಡಿಯಲ್ಲಿತ್ತು.

ನಮ್ಮ ಹುಡುಗ ಎತ್ಕೋತಾನ ಬಾ ಎಂದರು ಅತ್ತೆ. ಬೇಡ ಎಂದೆ. ಹಲಗೆ ಕೇಳಿದೆ, ಇಲ್ಲ. ಏಣಿ ಕೇಳಿದೆ, ಇತ್ತು, ಆದರೆ ನನ್ನ ಕಾಲಿಗೆ ಆಗುವಂಥದ್ದಲ್ಲ. ಸ್ಕೂಟರನ್ನು ಮತ್ತೆ ಮೇಲೆ ಹಾಕಿ ಎಂದು ಹೇಳುವ ಯೋಚನೆ ಕೂಡ ಬಂತು. ಕಾಲು ಗಂಟೆ ಹೀಗೇ ನಿಂತೆ. ಕೊನೆಗೆ ಮಾಲೀಕರು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಟ್ರಾಲಿಗೆ ಏರಿಸಿದರು. ಕುಳಿತೆ. ಕಾಲಿಗೊಬ್ಬರಂತೆ ನಾಲ್ವರು ಕುರ್ಚಿ ಹಿಡಿದು ಎತ್ತಿದರು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಅಪ್ಪ.

"ಗಾಡಿ ಮುಟ್ಯಾದೇನವ್ವ?"

"ಮುಟ್ಯಾದ."

"ಸಾಬೂತ?"

"ಒಂದು ಗೀರಿಲ್ಲ."

"ಇಳಿಸ್ಯಾರ?"

"ಇಳಿಸ್ಯಾರ."

"ಹಂಗಾದ್ರ ರೂಮ್‌ನಾಗ ಇರು. ನೀ ಒಬ್ಬಾಕಿನೇ ಇಳದ್ಯಲ್ಲ?"

ನೆಲ ಇನ್ನೂ ಎರಡು ಅಡಿ ಕೆಳಗಿತ್ತು. ಅತ್ತೆಯ ಮಗ ಕುರ್ಚಿಯ ಮುಂದಿನ ಎಡಗಾಲು ಹಿಡಿದು ಏದುಸಿರು ಬಿಡುತ್ತಿದ್ದ.

"ಇಳ್ಯಾಕತ್ತೇನಿ" ಎಂದೆ, ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಉಪನ್ಯಾಸಕಿಗೆ ತಕ್ಕ ದನಿಯಲ್ಲಿ.