ಬೀಳಲೊಲ್ಲದ ಅಂಗಡಿ

ವ್ಯಾಪಾರವೆಂಬುದು ಅಂಗಡಿಯ ಒಳಗಿರುತ್ತದೆ, ಆದ್ದರಿಂದ ಅಂಗಡಿ ಬಿದ್ದರೆ ಮಾತ್ರ ವ್ಯಾಪಾರ ಬಿದ್ದಂತೆ ಎಂದು, ಭೀಮಾ ಹೊಳೆಗೆ ಮಹಾಪೂರ ಬಂದು ಇಳಿದ ಮೇಲೆ ಮೇಲಿನವರು ತೀರ್ಮಾನಿಸಿದರು. ಆ ತೀರ್ಮಾನವನ್ನು ಜಾರಿಗೆ ತರಲು, ದೇವಣಗಾಂವದ ಆಚೆ ಹೊಳೆದಂಡೆಯ ಒಂದು ಹಳ್ಳಿಯ ಧರ್ಮಶಾಲೆಯಲ್ಲಿ ‘ಸಂತ್ರಸ್ತ ವ್ಯಾಪಾರಸ್ಥರ ತುರ್ತು ಪರಿಹಾರ ಕಚೇರಿ’ ತೆರೆಯಲಾಯಿತು. ತುರ್ತು ಎಂಬ ಶಬ್ದದ ಮೇಲೆ ಕಚೇರಿಯವರಿಗೆ ಬಹಳ ಗೌರವ. ಬಳಸಿದರೆ ಸವೆದೀತೆಂದು ಅದನ್ನು ಫಲಕದ ಮೇಲೆ ಮಾತ್ರ ಇಟ್ಟುಕೊಂಡಿದ್ದರು.

ಆ ಹಳ್ಳಿಯ ಪಿಂಜಾರ ದಾವಲಮಲಿಕನಿಗೆ ಅಂಗಡಿ ಇರಲಿಲ್ಲ. ಅವನ ಅಪ್ಪನಿಗೂ ಇರಲಿಲ್ಲ. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ, ಅದರ ತಂತಿಯನ್ನು ಟೊಂಯ್ ಟೊಂಯ್ ಎನ್ನಿಸುತ್ತ ಓಣಿ ಹಿಡಿದರೆ ಸಾಕು, ಮದುವೆ ಗೊತ್ತಾದ ಮನೆಯವರು ಒಳಗೆ ಕರೆಯುವರು. ಅವರ ಪಡಸಾಲೆಯೇ ಅಂಗಡಿ, ಅವರ ಹೊಲದ ಹತ್ತಿಯೇ ಸರಕು. ಮಗಳ ಜೊತೆ ಗಾದಿ ಕಳಿಸದೆ ಆ ಸೀಮೆಯಲ್ಲಿ ಯಾರೂ ಮದುವೆ ಮುಗಿಯಿತೆನ್ನುತ್ತಿರಲಿಲ್ಲ. ಪೂರ ಬಂದ ದಿನ ಅವನು ಹೊಳೆದಂಡೆಯ ಗುಡಿಸಲೊಂದರಲ್ಲಿ ಅರ್ಧ ಹಿಂಜಿದ ಹತ್ತಿಯ ಪಕ್ಕ ಬಿಲ್ಲನ್ನಿಟ್ಟು ಊಟಕ್ಕೆ ಮನೆಗೆ ಬಂದಿದ್ದ. ಅವನು ಕೈ ತೊಳೆಯುವಷ್ಟರಲ್ಲಿ ಹೊಳೆ ಗುಡಿಸಲು, ಹತ್ತಿ, ಬಿಲ್ಲು ಮೂರನ್ನೂ ಒಯ್ದಿತ್ತು. ದೀಪಾವಳಿ ದಾಟಿದರೆ ಮದುವೆಗಳು ಶುರು. ಅಷ್ಟರೊಳಗೆ ಹೊಸ ಬಿಲ್ಲು ಕೈಗೆ ಬಾರದಿದ್ದರೆ ಅವನ ಮನೆಯ ವರ್ಷದ ಅನ್ನಕ್ಕೆ ಕಲ್ಲು ಬಿದ್ದಂತೆಯೇ.

ಕಚೇರಿಯ ಗುಮಾಸ್ತ ಮಾನಪ್ಪ ಕೆಟ್ಟ ಮನುಷ್ಯನಲ್ಲ. ದಾವಲಮಲಿಕನ ಕಥೆ ಕೇಳಿ ಅವನಿಗೆ ನಿಜವಾಗಿಯೂ ಸಂಕಟವಾಯಿತು. ಆದರೆ ಅಂಗಡಿಯೇ ಇಲ್ಲದವನ ಅಂಗಡಿ ಬೀಳುವುದಾದರೂ ಹೇಗೆಂದು ಅವನಿಗೆ ಹೊಳೆಯಲಿಲ್ಲ. ನಿಯಮಾವಳಿಯನ್ನು ಹಿಂದು ಮುಂದು ತಿರುವಿದ. ಬಿಲ್ಲಿನ ಹೆಸರು ಎಲ್ಲಿಯೂ ಇರಲಿಲ್ಲ.

“ದಾವಲಸಾಬ್ರ, ಅರ್ಜಿ ಕೊಡೂಕಿಂತ ಮೊದಲ ನಿಮ್ಮ ವ್ಯಾಪಾರನ ಅರ್ಜಿಗೆ ತಯಾರ ಮಾಡಬೇಕ್ರಿ,” ಎಂದ.

“ಹೆಂಗ್ರಿ?”

“ಒಂದು ಅಂಗಡಿ ಕಟ್ರಿ. ಆಮ್ಯಾಲ ಕೆಡವ್ರಿ.”

ಪೂರ ಬಂದು ಹೋದ ಮೇಲೆ ಕಟ್ಟಿದ್ದು ಪೂರದಲ್ಲಿ ಬಿದ್ದದ್ದು ಹೇಗಾಗುತ್ತದೆಂದು ದಾವಲಮಲಿಕ ಕೇಳಿದ. ಅಂಗಡಿ ಬಿದ್ದಿದೆಯೇ ಎಂದು ನಿಯಮ ಕೇಳುತ್ತದೆಯೇ ಹೊರತು ಯಾವಾಗ ಎದ್ದಿತ್ತೆಂದು ಕೇಳುವುದಿಲ್ಲ ಎಂದು ಮಾನಪ್ಪ ಸಮಾಧಾನ ಹೇಳಿದ. ಮಾತು ದಾವಲಮಲಿಕನಿಗೆ ಸರಿಯೆನಿಸಿತು. ಓದಿದವರು ನಿಧಾನವಾಗಿ ಹೇಳಿದರೆ ಅವನಿಗೆ ಎಲ್ಲವೂ ಸರಿಯೆನಿಸುತ್ತಿತ್ತು, ಅವನ ಬಾಳಿನ ಗೋಳೇ ಅದು.

ಹೆಂಡತಿ ಸೈದಾಬಿ ತನ್ನ ಎರಡು ಆಡು ಮಾರಿ ತೊಲೆ, ಕಲ್ಲು ತರಿಸಿಕೊಟ್ಟಳು. ಕಟ್ಟುವ ಕೆಲಸಕ್ಕೆ ಗೌಂಡಿ ಖಾಜಾಸಾಬ ಬಂದ. ಅವನು ದಾವಲಮಲಿಕನ ಖಾಸಾ ಗೆಳೆಯ, ಅದಕ್ಕೇ ಕೂಲಿ ಬೇಡವೆಂದ. ತಪ್ಪಾದದ್ದು ಅಲ್ಲಿಯೇ. ಕೂಲಿಗೆ ಬಂದಿದ್ದರೆ ಹೇಗೋ ಕಟ್ಟಿ ಹೋಗುತ್ತಿದ್ದ. ಗೆಳೆತನಕ್ಕೆ ಬಂದವನು ಆಳೆತ್ತರದ ಬುನಾದಿ ತೋಡಿದ, ಸುಣ್ಣದ ಗಾರೆಗೆ ಬೆಲ್ಲದ ನೀರು ಕೂಡಿಸಿದ, ಮೂಲೆಗಲ್ಲು ನೆಟ್ಟಗಿದೆಯೇ ಎಂದು ತೂಗುಗುಂಡು ಬಿಟ್ಟು ಬಿಟ್ಟು ನೋಡಿದ.

ಸೈದಾಬಿ ಒಂದು ದಿನ ತಡೆಯಲಾರದೆ ಕೇಳಿದಳು: “ಅಣ್ಣಾ, ಕೆಡವೂ ಗ್ವಾಡಿಗೆ ಇಷ್ಟ್ಯಾಕ ಜೀವ ತೇಯ್ತಿ?”

“ಗೊತ್ತೈತಿ ತಂಗಿ,” ಎಂದ ಖಾಜಾಸಾಬ. “ಖರೆ, ಸುಮಾರ ಕಟ್ಟು ಅಂದ್ರ ಕೈ ಕೇಳವಲ್ದು.”

ಅಂಗಡಿ ಪೂರದಲ್ಲಿ ಬಿದ್ದಿದೆಯೆಂದು ಮಾನಪ್ಪ ಅರ್ಜಿ ಬರೆದುಕೊಟ್ಟ. ಕಚೇರಿಯ ಸಾಹೇಬರು ಪಾಹಣಿಗೆ, ಅಂದರೆ ಬಿದ್ದದ್ದು ಬಿದ್ದಿದೆಯೇ ಎಂದು ಕಣ್ಣಾರೆ ಕಾಣಲು, ಸೋಮವಾರ ಬರುತ್ತಾರೆಂದು ಡಂಗುರ ಸಾರಿದರು. ಭಾನುವಾರ ಊರೆಲ್ಲ ಅಂಗಡಿ ಕೆಡವಲು ನೆರೆಯಿತು. ಹೆಂಗಸರು ಹೊಳೆಯಿಂದ ಕೊಡಗಟ್ಟಲೆ ನೀರು ತಂದು ಗೋಡೆಗೆ ಸುರಿದರು. ಗಾರೆ ನೀರು ಕುಡಿದು ಇನ್ನೂ ಗಟ್ಟಿಯಾಯಿತು. ಗಂಡಸರು ಹಾರೆ ಹಾಕಿದರು, ಹಾರೆ ಬಾಗಿತು. ತೊಲೆಗೆ ಹಗ್ಗ ಕಟ್ಟಿ ಎತ್ತು ಹೂಡಿದರು. ಹಗ್ಗ ಹರಿದು ಎತ್ತುಗಳು ಮನೆಗೆ ಹೋದವು. ಖಾಜಾಸಾಬ ಒಂದು ಕಡೆ ತಲೆ ತಗ್ಗಿಸಿ ಕೂತಿದ್ದ. ಅವನಿಗೆ ನಾಚಿಕೆಯಾಗಿತ್ತೋ ಹೆಮ್ಮೆಯಾಗಿತ್ತೋ ಹೇಳುವುದು ಕಷ್ಟ.

ಸೋಮವಾರ ಬೆಳಿಗ್ಗೆ ಪೂರದ ನೀರು ಕುಡಿದಿದ್ದ ಧರ್ಮಶಾಲೆ, ಯಾರೂ ಮುಟ್ಟದೆ, ತಾನಾಗಿಯೇ ಕುಸಿದು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಕಚೇರಿಯ ವೇಳೆಯಾಗಿದ್ದರಿಂದ ಒಳಗೆ ಯಾರೂ ಇರಲಿಲ್ಲ.

ಸಾಹೇಬರು ಬಂದು ಒಂದು ಬಿದ್ದದ್ದನ್ನೂ ಒಂದು ನಿಂತದ್ದನ್ನೂ ನೋಡಿದರು. ಎರಡಕ್ಕೂ ತಕ್ಷಣ ಹುಕುಂ ಆಯಿತು. ಈ ಭಾಗದಲ್ಲಿ ಕಟ್ಟಡ ಬಿದ್ದು ನಿಜವಾಗಿ ಸಂತ್ರಸ್ತವಾಗಿರುವುದು ಪರಿಹಾರ ಕಚೇರಿಯೊಂದೇ ಆದ್ದರಿಂದ ಪರಿಹಾರವನ್ನು ಸದರಿ ಕಚೇರಿಗೇ ಮಂಜೂರು ಮಾಡತಕ್ಕದ್ದು. ಮಹಾಪೂರಕ್ಕೂ ಜಗ್ಗದ ಸದರಿ ಅಂಗಡಿಯನ್ನು ಇನ್ನು ಮುಂದೆ ಕಚೇರಿಗಾಗಿ ಬಳಸತಕ್ಕದ್ದು.

ಈ ಅಂಗಡಿ ಪೂರವನ್ನು ಕಂಡೇ ಇಲ್ಲವೆಂದು ಹೇಳಲು ದಾವಲಮಲಿಕ ಬಾಯಿ ತೆರೆದ. ಮಾನಪ್ಪ ಅವನ ಅಂಗಿ ಜಗ್ಗಿ, ಹಾಗೆಂದರೆ ಅರ್ಜಿ ಸುಳ್ಳೆಂದು ಒಪ್ಪಿಕೊಂಡಂತೆ ಎಂದು ಕಿವಿಯಲ್ಲಿ ಹೇಳಿದ. ಅದೂ ಸರಿಯೆನಿಸಿತು. ಬಾಯಿ ಮುಚ್ಚಿದ. ಅವನ ಅರ್ಜಿ ‘ಅರ್ಜಿದಾರರ ಅಂಗಡಿ ಸುಸ್ಥಿತಿಯಲ್ಲಿದೆ’ ಎಂಬ ಷರಾದೊಂದಿಗೆ ಹಿಂದಕ್ಕೆ ಬಂತು.

ಮಂಜೂರಾದ ಪರಿಹಾರದಲ್ಲಿ ಕಚೇರಿಯವರು ಪಟ್ಟಣದಿಂದ ಗಾದಿಗಳನ್ನು ತರಿಸಿದರು. ಒಳಗಿದ್ದುದು ಹಿಂಜದ ಹತ್ತಿ, ಗಂಟು ಗಂಟು. ಖರೀದಿಯ ಕಾಗದಕ್ಕೆ, ಗಾದಿ ಚೆನ್ನಾಗಿದೆಯೆಂಬ ಸ್ಥಳೀಯ ಪಿಂಜಾರನ ದೃಢೀಕರಣ ಬೇಕಾಗಿತ್ತು, ಅದಕ್ಕೆ ದಾವಲಮಲಿಕನನ್ನು ಕರೆಸಿದರು. ತನ್ನ ಅಂಗಡಿಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವನು ಗಾದಿಯ ಮೇಲೆ ಅಂಗೈ ಒತ್ತಿದ. ಅಷ್ಟೊಂದು ಗಂಟುಗಳು ಕೈಗೆ ಹತ್ತಿದಾಗ ಅವನಿಗೆ ಅಳುವೇ ಬಂತು.

“ಹೆಂಗೈತಿ?” ಎಂದರು ಸಾಹೇಬರು, ಗಾದಿಯ ಮೇಲೆ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳುತ್ತ.

ದಾವಲಮಲಿಕ ಮಾನಪ್ಪನ ಕಡೆ ನೋಡಿದ. ಮಾನಪ್ಪ ನೆಲ ನೋಡಿದ.

“ಮೆತ್ತಗೈತ್ರಿ,” ಎಂದು ದಾವಲಮಲಿಕ ಹೆಬ್ಬೆಟ್ಟು ಒತ್ತಿದ.

ಬಿಲ್ಲು ಬರಲಿಲ್ಲ, ದೀಪಾವಳಿ ಬಂತು. ಹೆಣ್ಣಿನವರು ಹಿಂಜದ ಹತ್ತಿಯನ್ನೇ ತುಂಬಿ ಗಾದಿ ಹೊಲಿಸಿದರು. ಗಂಡಿನವರು ಮೊದಮೊದಲು ತಕರಾರು ತೆಗೆದರು, ಎರಡು ಸಂಬಂಧಗಳು ಮುರಿಯುವುದರಲ್ಲಿದ್ದವು. ಆಗ ಕಚೇರಿ ಊರಿನ ಹಿತದೃಷ್ಟಿಯಿಂದ ಒಂದು ಪ್ರಕಟಣೆ ಹೊರಡಿಸಿತು: ‘ಗಂಟುಳ್ಳ ಗಾದಿಯೂ ಮೆತ್ತಗಿರುತ್ತದೆಂದು ಪಿಂಜಾರನಿಂದಲೇ ದೃಢಪಟ್ಟಿರುವುದರಿಂದ, ಬೆನ್ನುನೋವನ್ನು ಕಾರಣವಾಗಿ ಕೊಡತಕ್ಕದ್ದಲ್ಲ.’ ಬೀಗರು ಓದಿಸಿ ಕೇಳಿ ತಲೆದೂಗಿದರು, ಮದುವೆಗಳು ಸಾಂಗವಾಗಿ ನಡೆದವು. ಆ ಚಳಿಗಾಲವಿಡೀ ಊರ ಮಂದಿ ಬೆಳಿಗ್ಗೆ ಸೊಂಟ ಹಿಡಿದುಕೊಂಡು ಏಳುತ್ತಿದ್ದರು, ರಾತ್ರಿ ಒಳ್ಳೆಯ ನಿದ್ದೆ ಬಂತೆಂದು ಒಬ್ಬರಿಗೊಬ್ಬರು ಹೇಳಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ದಾವಲಮಲಿಕನೂ ಅವರ ಹಿಂದೆ ಕಳೆ ತೆಗೆಯುವ ಕುರುಪಿ ಹಿಡಿದು ಕೂಲಿಗೆ ಹೋಗುತ್ತಿದ್ದ.